ಗೃಹಕಲೆ: ಕಿರುಗೊಂಬೆಗಳಿಗೆ ಬಣ್ಣವಿಡುವ ಕ್ರಮ

ಆಟದ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಯುದ್ಧದ ಆಟವಾಡುವ ವಾಡಿಕೆಯು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಉಂಟು. ಎಚ್. ಜಿ. ವೆಲ್ಸ್ ಎಂಬ ಗ್ರಂಥಕರ್ತನು ೧೯೧೩ರಲ್ಲಿ ಇಂತಹ ಆಟದ ನಿಯಮಗಳನ್ನು ಪುಸ್ತಕರೂಪವಾಗಿ ಪ್ರಕಟಿಸಿದನು. ೧೯೮೩ರಲ್ಲಿ ಅದೇ ದೇಶದಲ್ಲಿ ಹೊರಟ ‘ವಾರ್‌ಹ್ಯಾಮರ್’ ಎಂಬ ಆಟದಲ್ಲಿಯಾದರೋ ಕುಳ್ಳರು, ಮಾಂತ್ರಿಕರು, ರಾಕ್ಷಸರು ಮೊದಲಾದ ಕಲ್ಪಿತ ಜಾತಿಗಳವರು ಸೈನ್ಯ ಕಟ್ಟಿ ಮೇಜಿನ ಮೇಲೆ ಕಾದಾಡುವರು. ಸುಮಾರು ಒಂದಂಗುಲ ಎತ್ತರದ ಈ ಗೊಂಬೆಗಳು ಬಹುಮಟ್ಟಿಗೆ ಬಣ್ಣವಿಲ್ಲದೆಯೇ ಬರುತ್ತವೆ. ಬಣ್ಣವಿಡುವುದು ಕೊಂಡವನ ಕೆಲಸ. ಇಂತಹದೊಂದು ಪೆಟ್ಟಿಗೆಯು ಕಳೆದ ಬೇಸಗೆಯಲ್ಲಿ ನಮ್ಮ ಮನೆಗೂ ಬಂದಿತು. ಆಗ ಕಲಿತುದನ್ನು, ನಾನು ಮಾಡಿದ ತಪ್ಪಿನೊಡನೆ, ವಾಚಕರಿಗೆ ನಿವೇದಿಸುತ್ತೇನೆ.

ಗೊಂಬೆಯನ್ನು ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಅನಂತರ ‘ಪ್ರೈಮರ್’ ಎಂಬ ತಳಬಣ್ಣವನ್ನು ತೆಳ್ಳಗೆ ಕೊಡತಕ್ಕದ್ದು. ಅದರ ಮೇಲಿಡುವ ಬಣ್ಣಕ್ಕೆ ‘ಅಕ್ರಿಲಿಕ್’ ಎಂದು ಹೆಸರು. ಹಸಿಯಾಗಿರುವವರೆಗೆ ಇದು ನೀರಿನಲ್ಲಿ ಬೆರೆಯುವುದು. ನೀರು ಆರಿದೊಡನೆ ಒಳಗಿನ ಅಂಟಿನ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುವುವು. ಆ ಪೊರೆಯು ಮತ್ತೆ ನೀರಿಗೆ ಕರಗದು. ಆದುದರಿಂದ ಬಣ್ಣ ಒಣಗುವುದಕ್ಕೆ ಮೊದಲೇ ಕುಂಚವನ್ನು ತೊಳೆಯಬೇಕು. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪುಮಾಡುವ ಅಭ್ಯಾಸ ಕೂಡದು.

ಕಲಿಯುವವರು ಎಡವುವುದು ಇನ್ನು ಮುಂದೆ. ಬಣ್ಣವನ್ನು ಶೀಸೆಯಿಂದ ತೆಗೆದು ನೇರವಾಗಿ ಬಳಿಯಬಾರದು. ತಟ್ಟೆಯಲ್ಲಿ ಹಾಕಿ, ಹಾಲಿನಷ್ಟು ತೆಳ್ಳಗಾಗುವಂತೆ ನೀರು ಬೆರೆಸಬೇಕು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಮೇಲು. ಮೊದಲನೆಯ ಲೇಪದಲ್ಲಿ ತಳವು ಕಾಣುವುದು. ಧೈರ್ಯಗೆಡದೆ, ಅದು ಒಣಗುವವರೆಗೆ ಕಾದು ಎರಡನೆಯದನ್ನು ಕೊಟ್ಟರೆ ಬಣ್ಣವು ಸಮನಾಗುವುದು.

ನಮ್ಮ ಹತ್ತು ವರ್ಷದ ಹುಡುಗನಿಂದ ಈ ಕಾಯುವಿಕೆ ಆಗಲಿಲ್ಲ. ಅವನು ಮೆತ್ತಿದ ಕೆಂಪಿನಲ್ಲಿ ಕುಳ್ಳನೊಬ್ಬನ ಮೂಗು, ಕಣ್ಣು, ಗಡ್ಡದ ಎಳೆಗಳು ಮುಚ್ಚಿಹೋದುವು. ಅವನು ಮಲಗಿದ ಮೇಲೆ ನಾನು ಸ್ಪಿರಿಟಿನಿಂದ ಆ ಬಣ್ಣವನ್ನು ಕಳೆದು, ನಡುರಾತ್ರಿಯವರೆಗೆ ಕುಳಿತು ಹೊಸದಾಗಿ ಬಣ್ಣವಿಟ್ಟೆನು. ಹುಡುಗನು ಸಂತೋಷಪಡುವನೆಂದು ಎಣಿಸಿದ್ದೆನು. ಬೆಳಗ್ಗೆ ಅವನು ಗೊಂಬೆಯನ್ನು ತಿರುಗಿಸಿ ನೋಡಿ, “ಚೆನ್ನಾಗಿದೆ, ಆದರೆ ಇದು ನನ್ನದಲ್ಲ” ಎಂದು ಹೇಳಿ ಪೆಟ್ಟಿಗೆಯನ್ನು ಮುಚ್ಚಿದನು. ಒಂದು ತಿಂಗಳವರೆಗೆ ಕುಂಚವನ್ನು ಮುಟ್ಟಲಿಲ್ಲ.

ಕೊನೆಗೆ ನಾನು ತಪ್ಪೊಪ್ಪಿಕೊಂಡು, ನನಗಾಗಿ ಬೇರೊಂದು ಗೊಂಬೆಯನ್ನು ತೆಗೆದುಕೊಂಡು ಅವನ ಪಕ್ಕದಲ್ಲಿ ಕುಳಿತೆನು. ಒಂದೊಂದು ಲೇಪವೂ ಒಣಗುವಷ್ಟು ಹೊತ್ತು ಇಬ್ಬರೂ ಮಾತನಾಡುತ್ತಿದ್ದೆವು. ಕಾಯುವುದು ಅವನಿಗೆ ಆಗ ಭಾರವಾಗಲಿಲ್ಲ. ಎರಡು ಲೇಪಗಳಾದ ಮೇಲೆ ‘ವಾಶ್’ ಎಂಬ ನೀರಾದ ಕಂದುಬಣ್ಣವನ್ನು ಹರಿಯಿಸಿದೆವು. ಅದು ಮಡಿಕೆಗಳಲ್ಲಿ ನಿಂತು ನೆರಳಾಯಿತು. ಬಳಿಕ ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಕಾಗದಕ್ಕೆ ಒರಸಿ, ಬಣ್ಣವೆಲ್ಲ ಹೋದಂತೆ ಕಂಡಾಗ ಉಬ್ಬುಗಳ ಮೇಲೆ ಮೆಲ್ಲನೆ ಸವರಿದೆವು. ಗಡ್ಡದ ಎಳೆಎಳೆಯೂ ಎದ್ದು ಕಂಡಿತು.

ಅವನ ಗೊಂಬೆಯ ಒಂದು ಕಣ್ಣು ಓರೆಯಾಗಿದೆ. ಅದನ್ನು ತಿದ್ದಬೇಕೆಂದು ನನ್ನ ಕೈ ಈಗಲೂ ಆಗಾಗ ತವಕಿಸುವುದುಂಟು. ಮಕ್ಕಳಿಗೆ ಈ ಕಲೆಯನ್ನು ಕಲಿಸುವ ಗೃಹಸ್ಥರು ನೀರು, ಕುಂಚ, ಕಾಗದಗಳನ್ನು ಅಣಿಮಾಡಿ ಕೊಡಲಿ. ತಮ್ಮ ಕೈಗೆ ಮಾತ್ರ ತಮ್ಮದೇ ಗೊಂಬೆಯೊಂದನ್ನು ಇಟ್ಟುಕೊಳ್ಳಲಿ.