ಮಹಿಳೆಯರಲ್ಲಿ ಲೈಂಗಿಕ ಸೋಂಕುಗಳು: ಪ್ರಯೋಗಾಲಯದ ಮಾದರಿಗಳು ತಿಳಿಸುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ವಿಶ್ವದಾದ್ಯಂತ 15ರಿಂದ 49 ವರ್ಷ ವಯೋಮಾನದವರಲ್ಲಿ ಕ್ಲಮೈಡಿಯಾದ 12.9 ಕೋಟಿ ಹಾಗೂ ಗೊನೋರಿಯಾದ 8.2 ಕೋಟಿ ಹೊಸ ಸೋಂಕುಗಳು ಉಂಟಾದವು. ಇವು ಸ್ತ್ರೀಯರಿಗೆ ಎಸಗುವ ಹಾನಿಯನ್ನು ಅರಿಯಲು ವಿಜ್ಞಾನಿಗಳು ಹೆಣ್ಣು ಇಲಿಗಳನ್ನು ಮಾದರಿಯಾಗಿ ಬಳಸುತ್ತಾರೆ.

ಇಲಿಗಳಿಗೆ ತಗಲುವ ಕ್ಲಮೈಡಿಯಾ ಪ್ರಭೇದವು ಅಂಡನಾಳಕ್ಕೆ ಏರಿ ಬಂಜೆತನವನ್ನು ಉಂಟುಮಾಡುತ್ತದೆ. ಆದರೆ ಸುಮಾರು ನಾಲ್ಕು ವಾರಗಳಲ್ಲಿ ಆ ಸೋಂಕು ತಾನಾಗಿ ಶಮನಗೊಳ್ಳುತ್ತದೆ; ಚಿಕಿತ್ಸೆ ಪಡೆಯದ ಮಹಿಳೆಯರಲ್ಲಿ ಕ್ಲಮೈಡಿಯಾ ತಿಂಗಳುಗಟ್ಟಲೆ ಉಳಿಯಬಲ್ಲದು. ಗೊನೋರಿಯಾ ಸ್ವಾಭಾವಿಕವಾಗಿ ಮನುಷ್ಯರಿಗೆ ಮಾತ್ರ ತಗಲುತ್ತದೆ. ಈಸ್ಟ್ರಾಡಯೋಲ್ ಹಾರ್ಮೋನು ನೀಡಿದ ಇಲಿಯಲ್ಲಿಯೂ ಅದು ಕೆಲವು ದಿನಗಳಷ್ಟೇ ನೆಲೆಸುತ್ತದೆ. ಆದ್ದರಿಂದ ಇಲಿಗಳಲ್ಲಿ ಫಲಿಸಿದ ಔಷಧ ಅಥವಾ ಲಸಿಕೆಯನ್ನು ಮಾನವರಲ್ಲಿ ಮತ್ತೆ ಪರೀಕ್ಷಿಸುವುದು ಅನಿವಾರ್ಯ.

ಹಾವೇರಿ ಜಿಲ್ಲೆಯ ಬಂಕಾಪುರದಂತಹ ಪಟ್ಟಣಗಳ ಮಹಿಳೆಯರಿಗೂ ಇದು ಸಂಬಂಧಿಸಿದ ವಿಷಯ. ರೋಗಲಕ್ಷಣ ಆಧರಿಸಿ ಚಿಕಿತ್ಸೆ ನೀಡುವ ಪದ್ಧತಿ ರೂಢಿಯಲ್ಲಿದೆ. ಆದರೆ ಕ್ಲಮೈಡಿಯಾ ತಗಲಿದ ಬಹುಪಾಲು ಮಹಿಳೆಯರಲ್ಲಿ ಲಕ್ಷಣಗಳೇ ಕಾಣಿಸುವುದಿಲ್ಲ. ಅಂಡನಾಳ ಮಾತ್ರ ಸದ್ದಿಲ್ಲದೆ ಹಾನಿಗೊಳ್ಳಬಹುದು. ಪತಿಯಲ್ಲಿ ಸೋಂಕು ಕಂಡುಬಂದಾಗ ಲಕ್ಷಣಗಳಿಗಾಗಿ ಕಾಯದೆ ಪತ್ನಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಒಳಗಾಗಿ, ಇಬ್ಬರೂ ಪೂರ್ಣ ಚಿಕಿತ್ಸೆ ಪಡೆಯುವುದು ಅತ್ಯವಶ್ಯಕ.