ಕಿಟಕಿಗೆ ಹಳೆಯ ಸೀರೆ

ಬಾಡಿಗೆಯ ಮನೆಯಲ್ಲಿ ಗೋಡೆಯ ಬಣ್ಣವನ್ನು ಆರಿಸುವ ಅಧಿಕಾರ ಮನೆಯೊಡೆಯನದು. ಮೊಳೆ ಹೊಡೆಯುವುದಕ್ಕೂ ಅವನ ಅಪ್ಪಣೆ ಬೇಕು. ಕಿಟಕಿಯ ಪರದೆ ಮತ್ತು ಗೋಡೆಗೆ ತೂಗುವ ಬಟ್ಟೆ, ಇವೆರಡು ಮಾತ್ರ ಗೃಹಿಣಿಯ ಆಳ್ವಿಕೆಗೆ ಒಳಪಟ್ಟವು. ಮನೆ ಬದಲಾಯಿಸುವಾಗ ಮಡಿಚಿಕೊಂಡು ಒಯ್ಯಬಹುದಾದ ಅಲಂಕಾರವೂ ಇವೇ. ಇವುಗಳಿಗಾಗಿ ಅಂಗಡಿಗೆ ಹೋಗುವ ಮುನ್ನ ಪೆಟ್ಟಿಗೆಯ ತಳವನ್ನೊಮ್ಮೆ ನೋಡುವುದು ಲೇಸು.

ಎಷ್ಟೋ ಮನೆಗಳಲ್ಲಿ, ಅದರಲ್ಲಿಯೂ ಧಾರವಾಡ, ಬಾಗಲಕೋಟೆಯ ಕಡೆಯವರಲ್ಲಿ, ಅಲ್ಲೊಂದು ಹಳೆಯ ಇಳಕಲ್ಲ ಸೀರೆ ಇರುತ್ತದೆ. ಅತ್ತೆಯದೋ, ಅಜ್ಜಿಯದೋ. ಉಡಲು ಬಾರದು, ಕೊಡಲು ಮನಸ್ಸಿಲ್ಲ. ವರ್ಷಕ್ಕೊಮ್ಮೆ ಹೊರತೆಗೆದು ಮತ್ತೆ ಅದೇ ಮಡಿಕೆಗೆ ಮಡಿಚಿಡುವುದರಿಂದ ಮಡಿಕೆಯ ಗೆರೆಯಲ್ಲಿಯೇ ಅದು ಸೀಳತೊಡಗುತ್ತದೆ. ಕತ್ತಲೆಯಲ್ಲಿ ಜೀರ್ಣವಾಗುವುದಕ್ಕಿಂತ ನಾಲ್ಕು ಜನರ ಕಣ್ಣಿಗೆ ಬೀಳುವುದು ಮೇಲಲ್ಲವೆ? ಆದರೂ ಕತ್ತರಿ ಹಿಡಿಯುವ ಮೊದಲು ಹಿರಿಯರನ್ನು ಒಂದು ಮಾತು ಕೇಳತಕ್ಕದ್ದು. ಅದು ಯಾರ ಸೀಮಂತಕ್ಕೆ ಬಂದದ್ದು, ಯಾರ ನೆನಪಿಗೆ ಉಳಿಸಿದ್ದು ಎಂಬ ಲೆಕ್ಕ ಸೊಸೆಗೆ ತಿಳಿದಿರುವುದಿಲ್ಲ. ಕತ್ತರಿಸಿದ ಬಟ್ಟೆಯನ್ನು ಹೊಲಿಯಬಹುದು, ಆಡದೆ ಉಳಿದ ನೋವನ್ನು ಹೊಲಿಯುವುದು ಕಷ್ಟ. ಇನ್ನೂ ಗಟ್ಟಿಯಾಗಿರುವ ಸೀರೆಗಂತೂ ಕತ್ತರಿ ಸಲ್ಲದು, ಅದನ್ನು ಉಡಬೇಕು.

ಒಪ್ಪಿಗೆ ದೊರೆತರೆ ಸೀರೆಯನ್ನು ಬೆಳಕಿಗೆ ಅಡ್ಡಹಿಡಿದು, ಎಲ್ಲಿ ಸವೆದಿದೆಯೆಂದು ನೋಡಿ ಗುರುತು ಹಾಕಿಕೊಳ್ಳಬೇಕು. ಒದ್ದೆ ಮಾಡಿದ ಬಿಳಿಯ ಅರಿವೆಯಿಂದ ಅಂಚನ್ನು ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಬಣ್ಣ ಬಿಡದಿದ್ದರೆ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ, ಆಮೇಲೆಯೇ ಅಳತೆ ತೆಗೆಯಬೇಕು. ಇದೇ ಕೊಠಡಿಗೆ ಹೊಸ ಖಾದಿಯನ್ನು ಕೊಂಡವರಿಗಂತೂ ಈ ಮಾತು ಮುಖ್ಯ: ನೆನೆಸದೆ ಹೊಲಿದ ಪರದೆ ಮೊದಲನೆಯ ಒಗೆತಕ್ಕೇ ಕುಗ್ಗಿ ಕಿಟಕಿಯ ಕೆಳಭಾಗವನ್ನು ಬಿಟ್ಟುಕೊಡುತ್ತದೆ.

ಪರದೆಯ ಸೊಗಸು ನೆರಿಗೆಯಲ್ಲಿದೆ. ಕಿಟಕಿಯ ಅಗಲದ ಒಂದೂವರೆಯಿಂದ ಎರಡರಷ್ಟು ಬಟ್ಟೆ ಇರಲಿ. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಗೆ 45 ಅಂಗುಲ ಪನ್ನದ ಸೀರೆಯ ಎರಡು ತುಂಡು ಸಾಕು. ಪ್ರತಿಯೊಂದರ ಉದ್ದ 5 ಅಡಿ: ಕಂಬಿ ತೂರಲು ಮೇಲೆ 3 ಅಂಗುಲ, ಕೆಳಗಿನ ಮಡಿಕೆಗೆ 4 ಅಂಗುಲ, ಕಿಟಕಿಯ ಕೆಳಗೆ ಇಳಿಬಿಡಲು 5 ಅಂಗುಲ. ಅಡ್ಡ ಎಳೆಯೊಂದನ್ನು ಮೆಲ್ಲನೆ ಹಿರಿದು ತೆಗೆದು, ಆ ಗೆರೆಯ ಮೇಲೆ ಕತ್ತರಿಸಿದರೆ ತುಂಡು ಸೊಟ್ಟಗಾಗದು. ಸೀರೆಯ ಅಂಚುಗಳು ಪರದೆಯ ಎರಡು ಬದಿಗೂ ತಾವಾಗಿ ಇಳಿಯುವುದರಿಂದ ಅಲ್ಲಿ ಸೂಜಿಯ ಕೆಲಸವೇ ಇಲ್ಲ. ಪಡುವಣ ಕಿಟಕಿಗಾದರೆ ಹಿಂದೆ ಬಿಳಿಯ ಅಸ್ತರು ಕೊಡಬೇಕು. ಸಂಜೆಯ ಬಿಸಿಲು ಬಣ್ಣವನ್ನೂ ನೂಲನ್ನೂ ತಿನ್ನುತ್ತದೆ.

6 ಗಜದ ಸೀರೆಯಲ್ಲಿ ಇಷ್ಟಾದ ಮೇಲೂ 8 ಅಡಿ ಉಳಿಯಿತು, ಸೆರಗು ಸಮೇತ. ಈ ಸೆರಗನ್ನು ಮಾತ್ರ ತುಂಡರಿಸಬಾರದು. ಇಳಕಲ್ಲ ಸೀರೆಯ ಒಡಲಿನ ಹಾಸು ಎಳೆಗಳಿಗೂ ಸೆರಗಿನ ಹಾಸು ಎಳೆಗಳಿಗೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆ ಜೋಡಣೆಯೇ ಅದರ ಹೆಗ್ಗುರುತು. ಜೋಡಣೆಯ ಆಚೆಗೂ ಒಂದು ಗೇಣು ಒಡಲನ್ನು ಉಳಿಸಿ, ಹಿಂದೆ ಮೆತ್ತಗಿನ ಹಳೆಯ ಪಂಚೆಯನ್ನು ಕೈಹೊಲಿಗೆಯಿಂದ ಕೂಡಿಸಿದರೆ ಭಾರವನ್ನೆಲ್ಲ ಪಂಚೆಯೇ ಹೊರುತ್ತದೆ. ಪಂಚೆಯ ಮೇಲ್ತುದಿಯಲ್ಲಿ ಕೊಳವೆಯಂತೆ ಹೊಲಿದು ಬಿದಿರಿನ ಕೋಲು ತೂರಿಸಿ, ಎರಡೇ ಮೊಳೆಗೆ ತೂಗುಹಾಕಬಹುದು. ಅಂಟು ಬೇಡವೇ ಬೇಡ. ಗೋಡೆಗೂ ಬಟ್ಟೆಗೂ ನಡುವೆ ಅರ್ಧ ಅಂಗುಲ ಗಾಳಿಯಾಡಬೇಕು. ಇಲ್ಲವಾದರೆ ಸುಣ್ಣ ಹತ್ತುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮಲೆನಾಡಿನವರು, ಕರಾವಳಿಯವರು ಆ ತಿಂಗಳುಗಳಲ್ಲಿ ಇಳಿಸಿ, ಮಡಿಚದೆ ಕೋಲಿಗೇ ಸುತ್ತಿಡುವುದು ಉತ್ತಮ.

ಬಾಗಿಲ ಪರದೆಗೆ ಸಾದಾ ಬಟ್ಟೆ ಹಾಕಿ ಕಸೂತಿ ಹಾಕಲೆಳಸುವವರು ಗವಂತಿಯನ್ನೋ ಮುರಗಿಯನ್ನೋ ಆರಿಸಲಿ. ಎಳೆ ಎಣಿಸಿ, ಗಂಟಿಲ್ಲದೆ ಹಾಕುವ ಈ ಎರಡು ಹೊಲಿಗೆಗಳು ಒಳಗೂ ಹೊರಗೂ ಒಂದೇ ತೆರನಾಗಿ ಕಾಣುತ್ತವೆ. ನೇಗಿ, ಮೆಂತಿಗಳಿಗೆ ಆ ಗುಣವಿಲ್ಲ. ಅವು ಗೋಡೆಯ ಬಟ್ಟೆಗೆ ತಕ್ಕವು.

ಇಷ್ಟರ ಮೇಲೂ ಮಿಕ್ಕ ಸಣ್ಣಪುಟ್ಟ ಚೂರುಗಳನ್ನು ಎಸೆಯದೆ ಅಜ್ಜಿಯ ಕೈಗೆ ಕೊಟ್ಟರೆ, ಬರುವ ಚಳಿಗಾಲದೊಳಗೆ ಮೊಮ್ಮಗುವಿಗೊಂದು ಕೌದಿ ಸಿದ್ಧವಾದೀತು.