ಗಾಡಿ ಎತ್ತೋ ಮುಂಚೆ ಹೊಲದ ದಾರಿ ನೋಡಿ

"ಹೊಲದ ದಾರೀಲಿ ಪಿಕಪ್ಪು ತಳ ತಾಗ್ತದೆ. ಹಿಂದಿನ ಆಕ್ಸಲ್ ಮೇಲೆ ಎರಡಿಂಚು ಬ್ಲಾಕ್ ಕೊಟ್ಟು ಮನೇಲೇ ಎತ್ತರ ಮಾಡ್ಕೊಂಡ್ರೆ ಹೆಂಗೆ?" ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹುಡುಗರು ಜೀವಾಮೃತದ ಬಗ್ಗೆ ಕೇಳೋಕೆ ಫೋನ್ ಮಾಡಿ ಕೊನೇಲಿ ಇದಕ್ಕೆ ಬರ್ತಾರೆ. ಮಾಲು ಹೊರೋ ಗಾಡಿಗೆ ಈ ಕೆಲಸ ಬೇಡ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ದಾರೀಲಿ ಕಲ್ಲಿಗೆ ಮೊದಲು ತಾಗೋದು ಹಿಂದಿನ ಆಕ್ಸಲ್ ನಡುವಿರೋ ಡಿಫರೆನ್ಷಿಯಲ್ ಉಂಡೆ. ಆಕ್ಸಲ್‌ಗೂ ಕಮಾನ್ ಪ್ಲೇಟಿಗೂ ನಡುವೆ ಬ್ಲಾಕ್ ಇಟ್ರೆ ಮೇಲೇಳೋದು ಚಾಸಿ ಮತ್ತು ತೊಟ್ಟಿ ಮಾತ್ರ. ಆ ಉಂಡೆ ಇದ್ದಲ್ಲೇ ಇರ್ತದೆ. ಅದು ಒಂದಿಂಚು ಏಳಬೇಕಾದ್ರೆ ಟೈರಿನ ವ್ಯಾಸವೇ ಎರಡಿಂಚು ದೊಡ್ಡದಾಗಬೇಕು. ಅಂದ್ರೆ ದುಡ್ಡು ಕೊಟ್ಟು ತಗೊಂಡ ಎತ್ತರ ಬೇಕಾದ ಜಾಗಕ್ಕೆ ಬರೋದೇ ಇಲ್ಲ.

ನನಗೆ ಹೆಚ್ಚು ಭಯ ಇರೋದು ಬ್ರೇಕಿನ ಬಗ್ಗೆ. ಎಷ್ಟೋ ಪಿಕಪ್‌ಗಳಲ್ಲಿ ಚಾಸಿಗೆ ಒಂದು ಬ್ರೇಕ್ ವಾಲ್ವ್ ಇರ್ತದೆ, ಅದರ ಕಡ್ಡಿ ಹಿಂದಿನ ಆಕ್ಸಲ್‌ಗೆ ಸೇರಿರ್ತದೆ. ಲೋಡ್ ಬಿದ್ದು ಚಾಸಿ ಕುಗ್ಗಿದಾಗ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡೋದು ಅದರ ಕೆಲಸ. ಬ್ಲಾಕ್ ಇಟ್ಟು ಹಾಗೇ ಬಿಟ್ರೆ, ಈರುಳ್ಳಿ ಚೀಲ ತುಂಬಿದ್ರೂ ಗಾಡಿ ಖಾಲಿ ಇದೆ ಅಂತಲೇ ವಾಲ್ವ್ ತಿಳ್ಕೊಳ್ತದೆ, ಹಿಂದಿನ ಬ್ರೇಕ್ ಸಾಲದೇ ಹೋಗ್ತದೆ. ಇದರ ಜೊತೆಗೆ ಬ್ರೇಕ್ ಹೋಸ್ ಎಳೀತದೆ, ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಕ್ರಾಸ್ ಬೇಗ ಸವೀತದೆ. ಭಾರ ಮೇಲಕ್ಕೆ ಹೋದ ಗಾಡಿ ತಿರುವಿನಲ್ಲಿ ವಾಲ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದೆ ಇಂಥ ಬದಲಾವಣೆ ಮಾಡಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಇನ್ನು ನನ್ನ ಕಸುಬಿನ ಮಾತು. ಎತ್ತರದ ಗಾಡಿ ಕೈಲಿದ್ರೆ ಹಸಿ ಹೊಲಕ್ಕೂ ಇಳಿಸೋಣ ಅನ್ನಿಸ್ತದೆ. ಹಸಿ ಮಣ್ಣಿನ ಮೇಲೆ ತುಂಬಿದ ಗಾಡಿ ಹೋದ್ರೆ ಚಕ್ರದ ಸಾಲು ಗಟ್ಟಿಯಾಗ್ತದೆ. ಶೇಂಗಾ ಹೂವು ಕಟ್ಟಿ, ಸೂಜಿ ಮಣ್ಣಿಗೆ ಇಳಿದ್ರೆ ತಾನೆ ಕಾಯಿ? ಗಟ್ಟಿ ನೆಲಕ್ಕೆ ಅದು ಇಳಿಯೋದು ಕಷ್ಟ. ವರ್ಷವಿಡೀ ಗೊಬ್ಬರ, ಮುಚ್ಚಿಗೆ ಅಂತ ಮಣ್ಣು ಸಡಿಲ ಮಾಡಿ ಒಂದು ಬೆಳಿಗ್ಗೆ ತುಳಿಸಿಬಿಡೋದಾ? ನಮ್ಮವು ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲೂಕುಗಳು. ಕೆಸರಿನ ದಿನಗಳು ವರ್ಷಕ್ಕೆ ಕೆಲವೇ. ಅಷ್ಟಕ್ಕೆ ಗಾಡಿಯ ಸಮತೋಲ 365 ದಿನ ಕೆಡಿಸ್ಕೊಳ್ಳೋದು ಯಾವ ಲೆಕ್ಕ? ಕೆಂಪು ಮಸಾರಿ ಬೇಗ ಆರ್ತದೆ, ಕಾಯಿರಿ. ಎರೆ ಹೊಲವಾದ್ರೆ ಪಿಕಪ್ಪು ರಸ್ತೆಗೇ ನಿಲ್ಲಲಿ, ಚೀಲ ಎತ್ತಿನ ಗಾಡೀಲೋ ಟ್ರ್ಯಾಕ್ಟರಿನಲ್ಲೋ ಬರಲಿ.

ಆ ದುಡ್ಡನ್ನ ದಾರಿಗೆ ಹಾಕಿ. ಬದು ದಾಟೋ ಕಡೆ ಎರಡೂ ಮಗ್ಗುಲು ಇಳಿಜಾರು ಮಾಡಿ, ನೀರು ಹರಿಯೋಕೆ ಒಂದು ಸಿಮೆಂಟ್ ಪೈಪು ಹಾಕಿ, ಮೇಲೆ ಗರಸು ಹೊಡೆಸಿ. ನಡುವೆ ಎದ್ದು ನಿಂತ ಕಲ್ಲನ್ನ ಹಾರೆಯಿಂದ ತೆಗೀರಿ. ಪಕ್ಕದ ಹೊಲದವರ ಗಾಡೀನೂ ಅಲ್ಲೇ ಓಡಾಡೋದಲ್ವಾ, ಖರ್ಚು ಹಂಚ್ಕೊಳ್ಳಿ. (ಅವರ ಜೊತೆ ಮಾತು ಬಿಟ್ಟಿದ್ರೆ ಅದು ಬೇರೆ ಸಮಸ್ಯೆ, ನನ್ನ ಹತ್ರ ಔಷಧಿ ಇಲ್ಲ.)

ಹಳೇ ಜೀಪಿನವರಿಗೆ ಒಂದು ಮಾತು. ಖಾಲಿ ನಿಂತಾಗಲೂ ಕಮಾನ್ ಪ್ಲೇಟ್ ಚಪ್ಪಟೆಯಾಗಿದ್ರೆ ಅದು ಸೋತಿದೆ ಅಂತ ಅರ್ಥ. ಕಂಪನಿ ಅಳತೆಯದೇ ಹೊಸ ಸೆಟ್ ಹಾಕಿದ್ರೆ ಕಳ್ಕೊಂಡ ಎತ್ತರ ವಾಪಸ್ ಬರ್ತದೆ, ಕಾನೂನಿನ ತಕರಾರೂ ಇಲ್ಲ. ಕೈಕೆಲಸ ಗೊತ್ತಿದ್ರೆ ಮನೇಲೇ ಆಗ್ತದೆ. ಗಟ್ಟಿ ಸಮತಟ್ಟು ನೆಲ, ಜಾಕ್ ಕೆಳಗೆ ದಪ್ಪ ಹಲಗೆ, ನೆಲದಲ್ಲೇ ಇರೋ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ, ಚಾಸಿ ಕೆಳಗೆ ಕಬ್ಬಿಣದ ಸ್ಟ್ಯಾಂಡ್. ಸೈಜುಗಲ್ಲು ಜೋಡಿಸಿ ನಿಲ್ಲಿಸಬೇಡಿ, ಭಾರಕ್ಕೆ ಒಮ್ಮೆಲೇ ಸೀಳ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಲೇಬೇಡಿ. ಯು-ಬೋಲ್ಟ್ ಹೊಸದೇ ಹಾಕಿ. ನೂರು, ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನ ಮತ್ತೊಮ್ಮೆ ಬಿಗೀರಿ.